ಇಪ್ಪತ್ತೊಂದು ಕೆಜಿಯ ಅನುಮತಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮಗಳು ಇಬ್ಬನಿ ನನ್ನ ಮನೆಯಿಂದ ಅವಳಪ್ಪನ ಮನೆಗೆ ಹೊರಟರೆ, ಅದೇ ಹೊತ್ತಿಗೆ ಅವಳಪ್ಪನ ಮನೆಯಿಂದ ಒಂದು ಗುಂಡುಕಲ್ಲು ನನ್ನ ಮನೆಗೆ ಹೊರಡುತ್ತಿತ್ತು. ಮುಂದಿನ ಭಾನುವಾರ ಕಲ್ಲು ಆ ಕಡೆಗೆ, ಮಗಳು ಈ ಕಡೆಗೆ. ಕಲ್ಲನ್ನು ಗೂಳಯ್ಯ ತನ್ನ ತಳ್ಳುಗಾಡಿಯಲ್ಲಿ ತರುತ್ತಿದ್ದ. ನಡುಕಟ್ಟೆಯ ಹತ್ತಿರ ಎದುರಾದಾಗ ಇಬ್ಬನಿ ಗಾಡಿ ನಿಲ್ಲಿಸಿ, ಕಲ್ಲಿನ ತಲೆ ಸವರಿ, "ತಂಗೀ, ಅಮ್ಮನ ಮನೇಲಿ ಹಟ ಮಾಡ್ಬೇಡ" ಎಂದು ಬುದ್ಧಿ ಹೇಳಿ ಮುಂದೆ ನಡೆಯುತ್ತಿದ್ದಳು. ಏಳು ವರ್ಷದ ಹುಡುಗಿ ಇಪ್ಪತ್ತೊಂದು ಕೆಜಿ ಇದ್ದಳು, ಕಲ್ಲೂ ಅಷ್ಟೇ ಇತ್ತು. ತಿಂಗಳಿಗೊಮ್ಮೆ ಮಟ್ಟದ ಕಚೇರಿಯವರು ಮಗಳನ್ನು ತೂಗಿ, ಅವಳು ಬೆಳೆದಷ್ಟು ಮರಳನ್ನು ಚೀಲದಲ್ಲಿ ತುಂಬಿ ಕಲ್ಲಿನ ಕೊರಳಿಗೆ ಕಟ್ಟುತ್ತಿದ್ದರು. ಕಲ್ಲಿಗೆ ಕೊರಳೆಲ್ಲಿ ಎಂದು ಕೇಳಬೇಡಿ. ನಮ್ಮಲ್ಲಿ ಇತ್ತು.

ನಮ್ಮದು ವಾಲುವ ಊರು. ಮೂಡಣ ಕೇರಿಯಲ್ಲಿ ಭಾರ ಹೆಚ್ಚಾದರೆ ಮೂಡಣಕ್ಕೆ ವಾಲುತ್ತದೆ, ಪಡುವಣದಲ್ಲಿ ಹೆಚ್ಚಾದರೆ ಪಡುವಣಕ್ಕೆ. ಇಲ್ಲಿಯವರಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ತಟ್ಟೆಗಳಿಗೆ ಗೇಣುದ್ದದ ಅಂಚು, ಮಂಚದ ಕಾಲಿಗೆ ಮರದ ಚಕ್ಕೆ, ಮಕ್ಕಳ ಗೋಲಿಗೆ ದಾರ. ಸಾರಿನ ಪಾತ್ರೆ ನೋಡಿಯೇ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳುವ ಹೆಂಗಸರಿದ್ದಾರೆ. ವಾಲು ಜಾಸ್ತಿಯಾದರೆ ನಡುಕಟ್ಟೆಯ ಗಂಟೆ ಬಡಿಯುತ್ತದೆ. ಆಗ ಯಾರು ಯಾವ ಕಡೆ ಓಡಬೇಕೆಂದು ಎಲ್ಲರಿಗೂ ಗೊತ್ತು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡುತ್ತಾರೆ, ಐದು ನಿಮಿಷ ಎದುರು ಕೇರಿಯಲ್ಲಿ ನಿಂತು ಹರಟೆ ಹೊಡೆದು ಬರುತ್ತಾರೆ. ಮೊದಲೆಲ್ಲ ಇಲ್ಲಿ ಮದುವೆಗೆ ಜಾತಕ ಕೇಳುತ್ತಿರಲಿಲ್ಲ, ತೂಕ ಕೇಳುತ್ತಿದ್ದರಂತೆ.

ನಾನು ಮಾತ್ರ ಮಟ್ಟಸವಾದ ನೆಲದಲ್ಲಿ ಹುಟ್ಟಿದವಳು, ವಾರಿಜ. ಈ ಊರಿನ ಮಿಠಾಯಿ ಮಾಡುವ ನಾಗಭೂಷಣನನ್ನು ಕಟ್ಟಿಕೊಂಡು ಬಂದೆ. ಎಂಟು ವರ್ಷ ಅವನ ಜೊತೆ ಪಡುವಣ ಕೇರಿಯಲ್ಲಿ ಇದ್ದೆ. ಆಮೇಲೆ ಬೇರೆಯಾದೆವು. ಅದಕ್ಕೆ ದೊಡ್ಡ ಕಾರಣ ಯಾವುದೂ ಇರಲಿಲ್ಲ, ಸಣ್ಣವು ಮಾತ್ರ ಬೇಕಾದಷ್ಟಿದ್ದವು. ನಾನು ಮೂಡಣ ಕೇರಿಗೆ ಬಂದು ಹೊಲಿಗೆ ಯಂತ್ರ ಇಟ್ಟುಕೊಂಡೆ. ಮಗು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಇರತಕ್ಕದ್ದು, ಅದರ ತೂಕದ ಕಲ್ಲು ಅದಕ್ಕೆ ವಿರುದ್ಧವಾಗಿ ಇರತಕ್ಕದ್ದು, ಇಬ್ಬರೂ ಒಪ್ಪದೆ ಮಗು ಊರಿನ ಹೊಸ್ತಿಲು ದಾಟತಕ್ಕದ್ದಲ್ಲ ಎಂದು ನ್ಯಾಯಾಧೀಶರು ಬರೆದರು. ಆಗ ನನಗೆ ಅದು ನ್ಯಾಯವಾಗಿಯೇ ಕಂಡಿತ್ತು.

ಹೋದ ವೈಶಾಖದಲ್ಲಿ ನನ್ನ ತಂಗಿ ಹೇಮಲತೆಯ ಮದುವೆ ನಿಶ್ಚಯವಾಯಿತು. ಇಬ್ಬನಿಯೇ ಕಳಶಗಿತ್ತಿ ಆಗಬೇಕು, ಬೇರೆ ಹುಡುಗಿಯ ಕೈಗೆ ಕಳಶ ಕೊಡುವುದಿಲ್ಲ ಎಂದು ಅವಳು ಪತ್ರ ಬರೆದಳು. ಅಂದಿನಿಂದ ನನ್ನ ಮಗಳು ಚೊಂಬಿಗೆ ನೀರು ತುಂಬಿಕೊಂಡು, ಎಲೆ ತೆಂಗಿನಕಾಯಿ ಇಟ್ಟುಕೊಂಡು, ಮನೆಯ ತುಂಬ ನಡೆಯತೊಡಗಿದಳು. ವಾಲುವ ಊರಿನ ಮಗು ನೋಡಿ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಶುಕ್ರವಾರ ಮದುವೆ. ಗುರುವಾರ ಬೆಳಿಗ್ಗೆ ಹತ್ತರ ಬಸ್ಸು ಹಿಡಿದರೆ ಸಂಜೆಗೆ ಅಲ್ಲಿ. ಇರುವುದು ಹದಿನೈದು ದಿನ.

ಅನುಮತಿ ಕೇಳಲು, ಊರು ವಾಲದಂತೆ ನೋಡಿಕೊಳ್ಳುವ ಮಟ್ಟದ ಕಚೇರಿಗೆ ಹೋದೆ. ಅಲ್ಲಿಯ ಸಾಹೇಬರು ಶಾಂತವೀರಪ್ಪನವರು ಕೈಯಲ್ಲಿ ಸದಾ ರಸಮಟ್ಟ ಹಿಡಿದುಕೊಂಡೇ ಮಾತಾಡುವವರು. ಗಾರೆ ಕೆಲಸದವರ ಹತ್ತಿರ ಇರುವಂಥದ್ದೇ, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ. ನಾವು ಮಾತಾಡುತ್ತಿದ್ದರೆ ಅವರು ನಮ್ಮ ಮುಖ ನೋಡುವುದಿಲ್ಲ, ಗುಳ್ಳೆ ನೋಡುತ್ತಾರೆ.

"ನೀವು ಹೋಗೋದಕ್ಕೆ ಏನೂ ತಕರಾರಿಲ್ಲ ತಾಯಿ. ಐವತ್ತೆಂಟು ಕೆಜಿ ಮರಳುಮೂಟೆ ನಿಮ್ಮನೇಲಿ ಇಳಿಸ್ತೀವಿ. ಮಗೂದೇ ಕಷ್ಟ" ಎಂದರು.

"ಅದಕ್ಕೂ ಮರಳು ಇಳಿಸಿ ಸಾರ್."

"ಮಗೂಗೆ ಕಲ್ಲು ಮಂಜೂರಾಗಿದೆಯಲ್ಲ. ಒಂದು ಮಗೂಗೆ ಎರಡು ತೂಕ ಕೊಡೋಕೆ ಬರಲ್ಲ. ಈಗ ನೋಡಿ, ಮಗು ನಿಮ್ಮ ಕಡೆ, ಕಲ್ಲು ಅವರ ಕಡೆ, ಊರು ಸಮ. ಮಗು ಹೊರಗೆ ಹೋಯ್ತು ಅನ್ನಿ. ಆಗ ಕಲ್ಲು ಅವರ ಕಡೆ ಎಳೆಯುತ್ತೆ. ಅದಕ್ಕೆ ಮಗು ವಾಪಸ್ ಬರೋ ತನಕ ಕಲ್ಲನ್ನ ನಡುಕಟ್ಟೆ ಮೇಲೆ, ನಮ್ಮ ಸುಪರ್ದಿಯಲ್ಲಿ ಇಡಬೇಕು. ಅದಕ್ಕೆ ತಂದೆಯ ಸಹಿ ಬೇಕು."

ಇಷ್ಟೇ ತಾನೆ ಎಂದುಕೊಂಡೆ. ಒಂದು ಕಲ್ಲನ್ನು ನಾಲ್ಕು ದಿನ ಕಟ್ಟೆಯ ಮೇಲಿಡಲು ಯಾರಿಗೆ ಏನು ನೋವು. ಅರ್ಜಿ ಅಲ್ಲೇ ತುಂಬಿದೆ. ಮಗುವಿನ ಹೆಸರು, ತೂಕ, ಹೊರಡುವ ದಿನ, ಹೋಗುವ ಊರು. 'ಹಿಂದಿರುಗುವ ದಿನ' ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಆಮೇಲೆ ಬರೆದರಾಯಿತೆಂದು ಖಾಲಿ ಬಿಟ್ಟೆ. ಸಾಹೇಬರು ಗುಳ್ಳೆ ನೋಡುತ್ತಿದ್ದರು, ಅವರಿಗೆ ಕಾಣಲಿಲ್ಲ.

ಅರ್ಧ ಗಂಟೆಯ ಚೀಟಿ ಪಡೆದು ಪಡುವಣ ಕೇರಿಗೆ ಹೋದೆ. ನನ್ನಷ್ಟು ತೂಕ ಆ ಕಡೆ ಹೋದರೆ ಊರು ಅರ್ಧ ಗಂಟೆ ತಡೆದುಕೊಳ್ಳುತ್ತದೆ. ನಾಗಭೂಷಣ ಅಂಗಡಿಯಲ್ಲಿ ಕೊಬ್ಬರಿ ಮಿಠಾಯಿ ಪರಾತಕ್ಕೆ ಸುರಿಯುತ್ತಿದ್ದ. ಅವನ ಮಿಠಾಯಿ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಗಿರಾಕಿಗಳೆಲ್ಲ ದಪ್ಪ ಅಂಚಿನದೇ ಕೊಡು ಎಂದು ಜಗಳವಾಡುತ್ತಾರೆ. ಅವನು ಕೈ ಒರೆಸಿಕೊಂಡು ಅರ್ಜಿಯನ್ನು ಎರಡು ಸಲ ಓದಿದ. ಎರಡನೆಯ ಸಲ ಒಂದು ಕಡೆ ಅವನ ಬೆರಳು ನಿಂತಿತು.

"ಹೇಮಳ ಮದುವೆನಾ, ಸಂತೋಷ. ಅರ್ಜಿ ಇಟ್ಟು ಹೋಗು, ನೋಡ್ತೀನಿ" ಎಂದ.

"ನೋಡೋದೇನಿದೆ? ಒಂದು ಸಹಿ ಹಾಕ್ರಿ. ನಾಲ್ಕು ದಿನದ ಮಾತು."

"ಕೈ ಜಿಡ್ಡಾಗಿದೆ" ಎಂದ.

ಆ ಜಿಡ್ಡು ಮುಂದೆ ಹನ್ನೆರಡು ದಿನ ಹೋಗಲಿಲ್ಲ. ಮೊದಲು ಅರ್ಜಿಯ ಮೇಲೆ ಪಾಕ ಚೆಲ್ಲಿತು ಎಂದು ಹೇಳಿ ಕಳಿಸಿದ. ಹೊಸ ಅರ್ಜಿ ಕಳಿಸಿದರೆ, ಮಗುವಿಗೆ ಕೆಮ್ಮಿದೆಯಲ್ಲ ಎಂದ. ಕೆಮ್ಮು ಹೋಯಿತು ಎಂದರೆ, ಹೋದ ಕೆಮ್ಮು ಬಸ್ಸಿನ ಗಾಳಿಗೆ ಮರಳಬಹುದು ಎಂದ. ಆ ಅರ್ಜಿಯೂ ಸಿಗುತ್ತಿಲ್ಲ ಎಂದಾಗ ಮೂರನೆಯದನ್ನು ಕಳಿಸಿದೆ. ಅತ್ತಿಂದಿತ್ತ ಓಡಾಡಿ ಗೂಳಯ್ಯನ ಗಾಡಿಯ ಚಕ್ರ ಸವೆಯಿತು.

"ವಾರಿಜಕ್ಕ, ಅಣ್ಣ ಸಹಿ ಹಾಕೋ ಹಂಗೆ ಕಾಣಲ್ಲ" ಎಂದು ಗೂಳಯ್ಯ ಹನ್ನೆರಡನೆಯ ದಿನ ಹೇಳಿದ. "ನಾನು ಅರ್ಜಿ ಅಂದ್ರೆ ಸಾಕು, ಒಳಗೆ ಹೋಗಿ ಬಾಗಿಲು ಹಾಕ್ಕೊಂತಾನೆ."

ನನಗೆ ಮೈಯೆಲ್ಲ ಉರಿಯಿತು. ಇಬ್ಬನಿ ಆ ವಾರ ನನ್ನ ಹತ್ತಿರವೇ ಇದ್ದಳು. ಚೊಂಬು ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆಯುತ್ತಿದ್ದಳು. "ಅಮ್ಮ, ಚಿಕ್ಕಮ್ಮನ ಊರಲ್ಲಿ ನೆಲ ಅಲ್ಲಾಡೋದೇ ಇಲ್ವಂತೆ, ಹೌದಾ? ಹಂಗಾದ್ರೆ ಅಲ್ಲಿಯವರು ನಡೆಯೋದು ಹೆಂಗೆ ಕಲೀತಾರೆ?" ಎಂದು ಕೇಳಿದಳು. ನಾನು ಅವಳನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಚೀಟಿಯನ್ನೂ ಪಡೆಯದೆ ಪಡುವಣ ಕೇರಿಗೆ ದಾಪುಗಾಲು ಹಾಕಿದೆ. ಬೈಯಬೇಕಾದ ಮಾತುಗಳನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡೆ. ಎಂಟು ವರ್ಷ ಸಂಸಾರ ಮಾಡಿದವಳಿಗೆ ಮಾತಿಗೇನು ಬರ.

ಅಂಗಡಿಯ ಬಾಗಿಲು ಮುಚ್ಚಿತ್ತು. ಮನೆಯ ಹಿಂದಿನ ದಾರಿ ನನಗೆ ಗೊತ್ತಿದ್ದದ್ದೇ. ಹಿತ್ತಲಿನ ಕಿಟಕಿಯ ಹತ್ತಿರ ಬಂದಾಗ ಒಳಗಿನಿಂದ ಮಾತು ಕೇಳಿಸಿತು. ಯಾರೋ ಇದ್ದಾರೆಂದು ಕಾಲ್ಬೆರಳ ಮೇಲೆ ನಿಂತು ಇಣುಕಿದೆ.

ಇಬ್ಬನಿ ಕೂರುವ ಮಣೆಯ ಮೇಲೆ ಕಲ್ಲು ಕೂತಿತ್ತು. ಎಣ್ಣೆ ಹಚ್ಚಿ ನೀರೆರೆದಿದ್ದ, ಮಿರಮಿರ ಹೊಳೆಯುತ್ತಿತ್ತು. ಮೈಮೇಲೆ ಹಳದಿ ಫ್ರಾಕು. ಹೋದ ವರ್ಷ ನಾನೇ ಹೊಲಿದದ್ದು, ಕಳೆದುಹೋಯಿತೆಂದು ಮಗಳಿಗೆ ನಾನು ಎರಡು ಬಾರಿಸಿದ್ದ ಅದೇ ಫ್ರಾಕು. ನಾಗಭೂಷಣ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು, ಅಂದು ಯಾರ ಮನೆಗೆ ಎಷ್ಟು ಮಿಠಾಯಿ ಕೊಡಬೇಕಿತ್ತು, ಯಾರು ಏನು ಅಂದರು ಎಂದೆಲ್ಲ ಹೇಳುತ್ತಿದ್ದ. ನಡುವೆ ಸುಮ್ಮನಾಗಿ, ಕಲ್ಲು ಏನಾದರೂ ಕೇಳುವುದೇನೋ ಎಂದು ಕಾಯುತ್ತಿದ್ದ.

ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಕಲ್ಲು ನನ್ನ ಮನೆಯಲ್ಲಿರುವ ವಾರ ನಾನೂ ಅದನ್ನು ಹೊಲಿಗೆ ಯಂತ್ರದ ಕೆಳಗೆ, ಹೊಲಿಯುವಾಗ ಕಾಲಿಗೆ ತಾಗುವ ಹಾಗೆ ಇಟ್ಟುಕೊಳ್ಳುತ್ತಿದ್ದೆ. ಮಳೆ ಬಂದ ದಿನ ಹೊದಿಸಿದ್ದೂ ಉಂಟು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಫ್ರಾಕು ಮುಚ್ಚುವುದೋ ಕಲ್ಲು ಮುಚ್ಚುವುದೋ ತಿಳಿಯದೆ, ಎದ್ದು ಬಾಗಿಲು ತೆರೆದ.

"ಮಗು ಆ ಕಡೆ ಇದ್ದಾಗ ಇದಾದ್ರೂ ಇರುತ್ತೆ" ಎಂದ. "ನೀನು ಅದನ್ನೂ ಕಟ್ಟೆ ಮೇಲೆ ಇಡು ಅಂತೀಯ. ಕಾಗೆ ಕೂರುತ್ತೆ ಅದರ ಮೇಲೆ."

"ನಾಲ್ಕು ದಿನ ಕಣ್ರೀ."

"ನಾಲ್ಕು ದಿನ ಅಂತ ಬಾಯಲ್ಲಿ ಹೇಳ್ತೀಯ. ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟಿದೀಯ. ಎರಡನೇ ಅರ್ಜಿಯಲ್ಲೂ ಖಾಲಿ. ಮೂರನೇದರಲ್ಲೂ ಖಾಲಿ. ನೀನು ಹೊಲಿಯೋಳು ವಾರಿಜ, ಒಂದು ಗುಂಡಿ ಮರೆಯೋಳಲ್ಲ."

ಮರೆತದ್ದಲ್ಲ, ನಿಜ. ಆ ಜಾಗಕ್ಕೆ ಬಂದಾಗಲೆಲ್ಲ ನನಗೆ ನನ್ನ ತವರಿನ ಪಡಸಾಲೆ ನೆನಪಾಗುತ್ತಿತ್ತು. ಅಲ್ಲಿ ಲೋಟ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಗಂಟೆ ಬಡಿಯುವುದಿಲ್ಲ. ಮಗಳು ಎರಡೂ ವಾರ ನನ್ನವಳೇ ಆಗಿರುತ್ತಾಳೆ. ಮೂರು ಸಲವೂ ಪೆನ್ನು ಹಿಡಿದು ಅದನ್ನೇ ಯೋಚಿಸಿದ್ದೆ, ಮೂರು ಸಲವೂ ನನಗೆ ನಾಚಿಕೆಯಾಗಿತ್ತು, ಆದರೂ ಖಾಲಿ ಬಿಟ್ಟಿದ್ದೆ.

"ಕೊಡಿ ಇಲ್ಲಿ" ಎಂದೆ. ಅವನ ಕಿಸೆಯ ಪೆನ್ನೇ ತೆಗೆದುಕೊಂಡು 'ಭಾನುವಾರ, ಸಂಜೆ ಐದು' ಎಂದು ಬರೆದೆ. ಅರ್ಜಿಯನ್ನು ಅವನ ಕಡೆಗೆ ತಿರುಗಿಸಿ ಇಟ್ಟೆ. ಆಮೇಲೆ, "ಕಲ್ಲನ್ನ ಕಟ್ಟೆ ಮೇಲೆ ಇಡೋದು ಬೇಡ. ಸಾಹೇಬರನ್ನ ಕೇಳೋಣ, ಬೇರೆ ದಾರಿ ಇದ್ದೇ ಇರುತ್ತೆ" ಎಂದೆ. ಅವನು ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಅಷ್ಟರಲ್ಲಿ ಗಂಟೆ ಬಡಿಯಿತು. ಚೀಟಿಯಿಲ್ಲದೆ ಬಂದವಳು ನಾನೇ. ಸೆರಗು ಸಿಕ್ಕಿಸಿಕೊಂಡು ಓಡಿದೆ.

ಶಾಂತವೀರಪ್ಪನವರು ಮಾರನೆಯ ದಿನ ನನಗೆ ಚೆನ್ನಾಗಿ ಬೈದು, ಆಮೇಲೆ ಗುಳ್ಳೆಯನ್ನು ಬಹಳ ಹೊತ್ತು ನೋಡಿ ಒಂದು ದಾರಿ ಹೇಳಿದರು. ಕಲ್ಲು ಅಲ್ಲೇ ಇರಬೇಕೆಂದರೆ, ಅದರ ಅರ್ಧ ತೂಕದಷ್ಟು ಪಡುವಣದ ಸಾಮಾನು ಮೂಡಣಕ್ಕೆ ಬರಬೇಕು. ಅಲ್ಲಿ ಹತ್ತೂವರೆ ಕಡಿಮೆ, ಇಲ್ಲಿ ಹತ್ತೂವರೆ ಹೆಚ್ಚು, ಊರು ಸಮ. ಆದರೆ ನನ್ನ ತೂಕಕ್ಕೆಂದು ತೆಗೆದಿಟ್ಟದ್ದು ಬಿಟ್ಟರೆ ಕಚೇರಿಯ ಮೂಟೆಗಳೆಲ್ಲ ಮದುವೆ ಮನೆಗಳಿಗೆ ಹೋಗಿವೆ, ಒಂದೂ ಉಳಿದಿಲ್ಲ. ನಾಗಭೂಷಣನ ಮನೆಯಲ್ಲಿ ಏನಿದೆ ಅದನ್ನೇ ಕಳಿಸಬೇಕು.

ಅವನ ಮನೆಯಲ್ಲಿ ಏನಿದೆ? ಬುಧವಾರ ಸಂಜೆ ಗೂಳಯ್ಯನ ಗಾಡಿಯಲ್ಲಿ ಹತ್ತೂವರೆ ಕೆಜಿ ಕೊಬ್ಬರಿ ಮಿಠಾಯಿ ನನ್ನ ಮನೆಗೆ ಬಂತು. ಎರಡು ಪರಾತ, ಮೇಲೆ ಬಟ್ಟೆ ಕಟ್ಟಿ ಕಚೇರಿಯ ಅರಗಿನ ಮುದ್ರೆ. ಭಾನುವಾರದವರೆಗೆ ಒಂದು ಚೂರೂ ಕದಲಬಾರದು. ಇರುವೆ ಬರಬಾರದೆಂದು ಪರಾತಗಳ ಸುತ್ತ ನೀರು ಕಟ್ಟಿ ಇಟ್ಟೆ. ಮನೆಯೆಲ್ಲ ಏಲಕ್ಕಿ ಘಮ. ಮೂಡಣ ಕೇರಿಯ ಅರ್ಧ ಜನ ಏನೋ ಕೆಲಸ ನೆಪ ಮಾಡಿಕೊಂಡು ಬಂದು, ಮೂಗರಳಿಸಿ ಹೋದರು.

ಗುರುವಾರ ಬೆಳಿಗ್ಗೆ ಮೂಡಣ ಬಾಗಿಲಿನಲ್ಲಿ ತಕ್ಕಡಿ ಇಟ್ಟಿದ್ದರು. ತಂದೆ ತಾಯಿ ಇಬ್ಬರೂ ಎದುರಿಗಿರಬೇಕೆಂಬುದು ನಿಯಮ. ನಾಗಭೂಷಣ ಅರ್ಧ ಗಂಟೆಯ ಚೀಟಿಯೊಂದಿಗೆ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ನನ್ನನ್ನು ತೂಗಿದರು, ಸರಿಯಾಯಿತು. ಇಬ್ಬನಿಯನ್ನು ನಿಲ್ಲಿಸಿದರು.

"ಇಪ್ಪತ್ತೊಂದೂ ನಾನೂರು" ಎಂದರು ಶಾಂತವೀರಪ್ಪನವರು.

"ಇಪ್ಪತ್ತೊಂದಲ್ವಾ ಸಾರ್?"

"ಅನುಮತಿ ಇಪ್ಪತ್ತೊಂದಕ್ಕೆ. ನಾನೂರು ಗ್ರಾಂ ಹೆಚ್ಚಿದೆ. ಊರಿನ ನಾನೂರು ಗ್ರಾಂ ಹೊರಗೆ ಬಿಡೋಕೆ ನನಗೆ ಅಧಿಕಾರ ಇಲ್ಲ."

ಚಪ್ಪಲಿ ತೆಗೆಸಿದೆ. ಬಳೆ, ಕ್ಲಿಪ್ಪು, ರಿಬ್ಬನ್ನು ತೆಗೆಸಿದೆ. ಆಮೇಲೆ ಗೊತ್ತಾಯಿತು, ಅವುಗಳ ತೂಕವನ್ನು ಅವರು ಮೊದಲೇ ಲೆಕ್ಕದಿಂದ ಕಳೆದಿದ್ದರಂತೆ. ಮಗುವಿನದೇ ಮೈಯ ತೂಕ ಅದು. ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ನಾಗಭೂಷಣ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಬಾಯಿಯನ್ನೇ ನೋಡಿದ. ತುಟಿಯಂಚಿನಲ್ಲಿ ಕೊಬ್ಬರಿ ತುರಿ ಅಂಟಿತ್ತು.

"ಎಷ್ಟು ತಿಂದೆ ಪುಟ್ಟಿ?"

"ಮುದ್ರೆ ಕಿತ್ತಿಲ್ಲ ಅಪ್ಪ. ಬಟ್ಟೆ ಪಕ್ಕದಿಂದ ಕೈ ಹಾಕಿದೆ. ದಪ್ಪ ಅಂಚಿಂದೇ ತಿಂದೆ" ಎಂದಳು ಇಬ್ಬನಿ, ಅಳುವಿಗೆ ಬಂದು. "ಎಷ್ಟು ಅಂತ ಎಣಿಸ್ಲಿಲ್ಲ. ಅಲ್ಲಿ ಸಿಗಲ್ವಲ್ಲ ಅಂತ."

ಮಗುವಿನ ಹೊಟ್ಟೆಯಿಂದ ನಾನೂರು ಗ್ರಾಂ ಇಳಿಯಲು ಎಷ್ಟು ಹೊತ್ತು ಬೇಕೋ ಯಾರಿಗೆ ಗೊತ್ತು. ಮುಂದಿನ ಬಸ್ಸು ಶುಕ್ರವಾರ, ಅಷ್ಟರಲ್ಲಿ ಮುಹೂರ್ತ ಮುಗಿದಿರುತ್ತದೆ. ನನ್ನ ಕಣ್ಣಲ್ಲಿ ನೀರು ತುಂಬಿತು. ಹದಿನೈದು ದಿನ ಅಲೆದದ್ದು ಒಂದು ಹಿಡಿ ಕೊಬ್ಬರಿಗೆ ನೀರಾಗುವುದೆಂದರೆ.

ನಾಗಭೂಷಣ ಎದ್ದು ನಿಂತ. "ಸಾಹೇಬರೇ, ಈ ಕಡೆಯಿಂದ ನಾನೂರು ಹೆಚ್ಚು ಹೋದ್ರೆ ನಮ್ಮ ಕಡೆಯಿಂದಲೂ ನಾನೂರು ಹೋಗ್ಬೇಕು, ಅಷ್ಟೇ ತಾನೇ?"

"ಅಷ್ಟೇ."

ಅವನು ಎರಡೂ ಚಪ್ಪಲಿ ಕಳಚಿ ತಕ್ಕಡಿಯಲ್ಲಿಟ್ಟ. ಮುಳ್ಳು ನಾನೂರರ ಮೇಲೆ ನಿಂತಿತು. ಒಂದು ಗ್ರಾಂ ಅತ್ತಿತ್ತ ಇಲ್ಲ. ಅವನು ಅವನ್ನೆತ್ತಿ ಊರಿನ ಬಾಗಿಲಾಚೆಗೆ, ಬಸ್ಸಿನ ಹತ್ತಿರ ಎಸೆದ.

"ಹತ್ತಿ, ಹತ್ತಿ" ಎಂದರು ಶಾಂತವೀರಪ್ಪನವರು.

ಬಸ್ಸು ಹತ್ತಿದೆವು. ಕಿಟಕಿಯಲ್ಲಿ ಇಬ್ಬನಿ ಕೈ ಬೀಸುತ್ತಿದ್ದಳು. ಅವನು ಬರಿಗಾಲಿನಲ್ಲಿ ಬಾಗಿಲ ಬಳಿಯೇ ನಿಂತಿದ್ದ. ಅಷ್ಟರಲ್ಲಿ ನಡುಕಟ್ಟೆಯ ಗಂಟೆ ಬಡಿಯತೊಡಗಿತು. ಅವನ ಅರ್ಧ ಗಂಟೆ ಮುಗಿದಿತ್ತು. ಚಹಾದಂಗಡಿಯ ಲೋಟಗಳು ಒಂದರ ಹಿಂದೊಂದು ಬಾಗಿಲ ಕಡೆಗೆ ಜಾರಿದವು. "ನಾಗಭೂಷಣ, ನಿನ್ನ ಕೇರಿಗೆ ಹೋಗಪ್ಪ, ಊರು ವಾಲ್ತಿದೆ" ಎಂದು ಯಾರೋ ಕೂಗಿದರು. ಅವನು ಕದಲಲಿಲ್ಲ. ಶಾಂತವೀರಪ್ಪನವರು ರಸಮಟ್ಟವನ್ನು ಕಣ್ಣ ಹತ್ತಿರ ಹಿಡಿದರು, ನೋಡಿದರು, ಮತ್ತೆ ನಾಗಭೂಷಣನನ್ನು ನೋಡಿದರು. ಆಮೇಲೆ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕೈ ಹಿಂದೆ ಕಟ್ಟಿ, ಬಸ್ಸು ತಿರುಗುವ ತನಕ ಮರದ ಮೇಲಿನ ಹಕ್ಕಿಯನ್ನು ನೋಡುತ್ತ ನಿಂತರು.

ಹತ್ತುವ ಮುಂಚೆ ನೆಲದಿಂದ ಎತ್ತಿಕೊಂಡಿದ್ದ ಚಪ್ಪಲಿ ಜೋಡಿಯನ್ನು ಕಂಡಕ್ಟರ್ ತೋರಿಸಿ, "ಇವು ನಿಮ್ಮವೇನಮ್ಮ?" ಎಂದ.

"ಕೊಡಿ" ಎಂದೆ. ಹಿಮ್ಮಡಿ ಸವೆದ, ಸಕ್ಕರೆ ಪಾಕದ ಕಲೆಯಿದ್ದ ಆ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತೆ.

ಮದುವೆ ಚೆನ್ನಾಯಿತು. ಮಟ್ಟಸವಾದ ನೆಲದ ಮೇಲೆ ನನ್ನ ಮಗಳಿಗೆ ನಡೆಯಲು ಬರಲಿಲ್ಲ. ನೆಲ ಈಗ ವಾಲುತ್ತದೆ, ಆಗ ವಾಲುತ್ತದೆ ಎಂದು ಕಾಯುತ್ತ ಒಂದು ಕಡೆಗೆ ಬಾಗಿಯೇ ಹೆಜ್ಜೆಯಿಟ್ಟು, ಕಳಶದ ಅರ್ಧ ನೀರನ್ನು ಹೇಮಲತೆಯ ಸೀರೆಯ ಮೇಲೆ ಚೆಲ್ಲಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನನ್ನಮ್ಮ ನನ್ನ ಕೈ ಹಿಡಿದು, "ಇಲ್ಲೇ ಇದ್ದುಬಿಡೇ, ಏನಿದೆ ಆ ಸೊಟ್ಟ ಊರಲ್ಲಿ" ಎಂದಳು. ಪಡಸಾಲೆಯಲ್ಲಿ ಲೋಟಗಳು ಇಟ್ಟಲ್ಲೇ ಇದ್ದವು. ಅದೇ ಪಡಸಾಲೆ, ಅದೇ ತಂಪು.

ಅಷ್ಟರಲ್ಲಿ ಮುಹೂರ್ತಕ್ಕೆ ಕರೆ ಬಂತು, ನಾನು ಕೈ ಬಿಡಿಸಿಕೊಂಡು ಎದ್ದೆ. ಇಬ್ಬನಿ ಹಟ ಹಿಡಿದು ಅಪ್ಪನ ಚಪ್ಪಲಿಯನ್ನೂ ಮಂಟಪಕ್ಕೆ ತಂದು, ಬಾಗಿಲ ಹೊರಗೆ ಎಲ್ಲರ ಚಪ್ಪಲಿಗಳ ಜೊತೆ ಸಾಲಾಗಿ ಬಿಟ್ಟಿದ್ದಳು. ಮದುವೆ ಮನೆಯಲ್ಲಿ ಚಪ್ಪಲಿ ಕಳುವಾಗುವುದು ಯಾರಿಗೆ ಗೊತ್ತಿಲ್ಲ. ವಾಲಗ ಜೋರಾಯಿತು, ಅಕ್ಷತೆ ಬಿತ್ತು, ಎಲ್ಲರೂ ಕತ್ತು ಚಾಚಿ ನನ್ನ ತಂಗಿಯ ಕೊರಳನ್ನು ನೋಡುತ್ತಿದ್ದರು. ನಾನು ಮಾತ್ರ ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಬಾಗಿಲ ಕಡೆಗೆ ತಿರುಗಿ, ಆ ಸವೆದ ಚಪ್ಪಲಿಗಳನ್ನು ಕಾಯುತ್ತ ನಿಂತಿದ್ದೆ.